ಎದುರು ಬೆಂಚಿನವರ ಮಾತು: ಜೇಮ್ಸ್ ಗ್ರಹಾಂ ನಾಟಕಗಳ ಬಗ್ಗೆ

ಕಳೆದ ಭಾನುವಾರ ಸಂಜೆ ನಾಟಕದ ಗೆಳೆಯರ ಎದುರು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಅವತ್ತು ಬಿಟ್ಟುಹೋದ ಇಸವಿಗಳನ್ನು ಸೇರಿಸಿದ್ದೇನೆ. ಉಳಿದಂತೆ ಅಲ್ಲಿ ಹೇಳಿದ್ದೇ ಇಲ್ಲಿದೆ.

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಒಂದು ರಾತ್ರಿಯ ಕಥೆಯಿಂದಲೇ ಶುರು ಮಾಡುತ್ತೇನೆ.

1979ರ ಮಾರ್ಚ್ 28. ಬ್ರಿಟನ್ನಿನ ಸಂಸತ್ತಿನಲ್ಲಿ ಲೇಬರ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ. ಸರ್ಕಾರ ಉಳಿಯುವುದು ಬೀಳುವುದು ಒಂದು ಮತದ ಮೇಲೆ ನಿಂತಿದೆ. ಆ ಒಂದು ಮತ ಸರ್ ಆಲ್‌ಫ್ರೆಡ್ ಬ್ರಾಟನ್ ಎಂಬ ಲೇಬರ್ ಸದಸ್ಯರದ್ದು. ಅವರೋ ಯಾರ್ಕ್‌ಷೈರಿನಲ್ಲಿ ಹಾಸಿಗೆ ಹಿಡಿದಿದ್ದಾರೆ, ಲಂಡನ್ನಿಗೆ ಕರೆತಂದರೆ ದಾರಿಯಲ್ಲೇ ಜೀವ ಹೋಗಬಹುದು ಅನ್ನುವ ಸ್ಥಿತಿ.

ಅವತ್ತು ತಲೆ ಎಣಿಸುತ್ತಿದ್ದವರು ಇಬ್ಬರು. ಒಬ್ಬರು ಲೇಬರ್ ಪಕ್ಷದ ಉಪ ಮುಖ್ಯ ಸಚೇತಕ ವಾಲ್ಟರ್ ಹ್ಯಾರಿಸನ್. ರಾಜಕೀಯಕ್ಕೆ ಬರುವ ಮೊದಲು ಎಲೆಕ್ಟ್ರಿಷಿಯನ್ ಆಗಿದ್ದವರು. ಇನ್ನೊಬ್ಬರು ಕನ್ಸರ್ವೇಟಿವ್ ಪಕ್ಷದಲ್ಲಿ ಅದೇ ಕೆಲಸ ಮಾಡುತ್ತಿದ್ದ ಜ್ಯಾಕ್ ವೆದರಿಲ್, ದರ್ಜಿ ಮನೆತನದವರು. ವೆದರಿಲ್ ಜೇಬಿನಲ್ಲಿ ಸದಾ ಒಂದು ವಸ್ತು ಇಟ್ಟುಕೊಂಡಿರುತ್ತಿದ್ದರು: ಹೊಲಿಯುವಾಗ ಸೂಜಿ ಚುಚ್ಚದಿರಲಿ ಅಂತ ಬೆರಳ ತುದಿಗೆ ಹಾಕಿಕೊಳ್ಳುತ್ತಾರಲ್ಲ, ಆ ಪುಟ್ಟ ಲೋಹದ ಟೋಪಿ. ಎಷ್ಟೇ ಮೇಲೆ ಹೋದರೂ ಎಲ್ಲಿಂದ ಬಂದೆ ಅನ್ನುವುದು ನೆನಪಿರಲಿ ಅಂತ. ಈ ಮನುಷ್ಯ ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತೀಯ ಸೇನೆಯಲ್ಲಿದ್ದವರು. ಬಂಗಾಳದ ಬರವನ್ನು ಕಣ್ಣಾರೆ ಕಂಡ ಮೇಲೆ ಮಾಂಸ ತಿನ್ನುವುದನ್ನೇ ಬಿಟ್ಟವರು.

ಅಲ್ಲಿನ ಸಂಸತ್ತಿನಲ್ಲಿ ಹಳೆಯ ಪದ್ಧತಿಯೊಂದಿದೆ. ಒಂದು ಪಕ್ಷದವರು ಕಾಯಿಲೆ ಬಿದ್ದು ಬರಲಾಗದಿದ್ದರೆ ಎದುರು ಪಕ್ಷದವರೂ ಒಬ್ಬರನ್ನು ಹೊರಗೆ ಉಳಿಸುತ್ತಾರೆ. ಲೆಕ್ಕ ಸರಿಹೋಗುತ್ತದೆ. ಇದಕ್ಕೆ ಕಾನೂನು ಇಲ್ಲ, ಬರಿ ಬಾಯಿಮಾತು. ಹ್ಯಾರಿಸನ್ ಹೋಗಿ ಆ ಮಾತನ್ನು ನೆನಪಿಸಿದರು. ಸರ್ಕಾರವನ್ನೇ ಬೀಳಿಸುವ ಮತದಾನಕ್ಕೆ ಈ ಪದ್ಧತಿ ನಡೆಯುವುದಿಲ್ಲ, ನಮ್ಮ ಪಕ್ಷದಲ್ಲಿ ಯಾರೂ ಒಪ್ಪುವುದಿಲ್ಲ ಅಂದರು ವೆದರಿಲ್. ಆದರೆ ಕೊಟ್ಟ ಮಾತು ಮಾತೇ, ಬೇಕಿದ್ದರೆ ನಾನೇ ಹೊರಗೆ ನಿಲ್ಲುತ್ತೇನೆ ಅಂತಲೂ ಅಂದರು. ನಿಂತಿದ್ದರೆ ಅವರ ರಾಜಕೀಯ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಕೇಳಿ ಹ್ಯಾರಿಸನ್ ಒಪ್ಪಲಿಲ್ಲ. ಬೇಡ, ನಿಮ್ಮನ್ನು ಆ ಮಾತಿನಿಂದ ಬಿಡಿಸಿದ್ದೇನೆ ಅಂದುಬಿಟ್ಟರು. ಆ ರಾತ್ರಿ ಸರ್ಕಾರ 311-310ರಲ್ಲಿ ಬಿತ್ತು. ಐದು ದಿನಕ್ಕೆ ಬ್ರಾಟನ್ ತೀರಿಕೊಂಡರು. ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು.

ಇದನ್ನು ನಾಟಕ ಮಾಡಿದವರು ಜೇಮ್ಸ್ ಗ್ರಹಾಂ, ನಾಟಕದ ಹೆಸರು 'ದಿಸ್ ಹೌಸ್'. 2012ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನ ಚಿಕ್ಕ ರಂಗಮಂದಿರದಲ್ಲಿ ಶುರುವಾಗಿ, ಜನ ಮುಗಿಬಿದ್ದು, ಮರುವರ್ಷ ಅಲ್ಲಿನ ದೊಡ್ಡ ರಂಗಕ್ಕೆ ಹೋಯಿತು. ನಾನು ನೋಡಿದ್ದು 2020ರ ಮೇ ಕೊನೆಯಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ. ನ್ಯಾಷನಲ್ ಥಿಯೇಟರಿನವರು ರೆಕಾರ್ಡಿಂಗನ್ನು ಒಂದು ವಾರ ಯೂಟ್ಯೂಬಿನಲ್ಲಿ ಉಚಿತವಾಗಿ ಬಿಟ್ಟಿದ್ದರು. ಆ ಕೊನೆಯ ಭಾಗವನ್ನು ಆ ವಾರ ಮೂರು ಸಲ ನೋಡಿದೆ. ಸೋಲುತ್ತೇನೆ ಅಂತ ಗೊತ್ತಿದ್ದೂ ಎದುರಾಳಿಯ ಬದುಕು ಹಾಳು ಮಾಡಲು ಮನಸ್ಸು ಬಾರದ ಒಬ್ಬ ಮನುಷ್ಯ. ಅವನನ್ನು ನೋಡುತ್ತಾ ನನಗೆ ಕಣ್ಣು ತುಂಬಿ ಬಂತು. ಇದನ್ನು ಬರೆದವರು ಯಾರು, ಎಲ್ಲಿಯವರು ಅಂತ ಹುಡುಕಿಕೊಂಡು ಹೋಗಿದ್ದು ಆಮೇಲೆ.

ಹೋದರೆ ಸಿಕ್ಕಿದ್ದು ಒಂದು ಗಣಿಯೂರು.

ಗ್ರಹಾಂ ಹುಟ್ಟಿದ್ದು 1982ರಲ್ಲಿ, ಇಂಗ್ಲೆಂಡಿನ ನಡುಭಾಗದ ನಾಟಿಂಗ್‌ಹ್ಯಾಮ್‌ಷೈರಿನಲ್ಲಿ. ಬೆಳೆದದ್ದು ಕರ್ಬಿ-ಇನ್-ಆಶ್‌ಫೀಲ್ಡ್ ಎಂಬ ಊರಿನ ಸುತ್ತ. ಕಲ್ಲಿದ್ದಲು ಗಣಿಗಳ ಸೀಮೆ ಅದು, ಕಾದಂಬರಿಕಾರ ಡಿ.ಎಚ್. ಲಾರೆನ್ಸ್ ಊರು ಈಸ್ಟ್‌ವುಡ್ ಕೂಡ ಹತ್ತಿರದಲ್ಲೇ ಇದೆ. 1984ರ ಮಾರ್ಚ್‌ನಿಂದ ಒಂದು ವರ್ಷ ಬ್ರಿಟನ್ನಿನ ಗಣಿ ಕಾರ್ಮಿಕರ ದೊಡ್ಡ ಮುಷ್ಕರ ನಡೆಯಿತಲ್ಲ, ಆಗ ನಾಟಿಂಗ್‌ಹ್ಯಾಮ್‌ಷೈರಿನ ಬಹುಪಾಲು ಕಾರ್ಮಿಕರು ಕೆಲಸ ನಿಲ್ಲಿಸಲಿಲ್ಲ. ದೇಶವ್ಯಾಪಿ ಮತದಾನ ನಡೆಸದೆ ಮುಷ್ಕರಕ್ಕೆ ಕರೆದಿದ್ದು ಸರಿಯಲ್ಲ ಅನ್ನುವುದು ಅವರ ವಾದ. ಉಳಿದವರು ವರ್ಷವಿಡೀ ಸಂಬಳವಿಲ್ಲದೆ ಹೊರಗೆ ನಿಂತರು. ಒಂದೇ ಬೀದಿ, ಒಂದೇ ಪಬ್ಬು, ಕೆಲವು ಕಡೆ ಒಂದೇ ಮನೆ ಎರಡಾಯಿತು. ಕೆಲಸಕ್ಕೆ ಹೋದವರಿಗೆ ಬಿದ್ದ ಹೆಸರು 'ಸ್ಕ್ಯಾಬ್'. ನಮ್ಮ ಮಾತಿನಲ್ಲಿ ಗಾಯದ ಮೇಲಿನ ಹಕ್ಕಳೆ. ಮುಷ್ಕರ ಒಂದೇ ವರ್ಷಕ್ಕೆ ಮುಗಿಯಿತು, ಆ ಹೆಸರು ಮಾತ್ರ ನಲವತ್ತು ವರ್ಷವಾದರೂ ಉದುರಲಿಲ್ಲ. ಹಾಗಂತ ಕೆಲಸಕ್ಕೆ ಹೋದವರ ಗಣಿಗಳು ಉಳಿದವೇ? ಇಲ್ಲ. ಆ ಜಿಲ್ಲೆಯ ಕೊನೆಯ ಗಣಿ ಥೋರ್ಸ್‌ಬಿ 2015ರಲ್ಲಿ ಮುಚ್ಚಿತು.

ಮುಷ್ಕರದ ಹೊತ್ತಿಗೆ ಗ್ರಹಾಂ ಇನ್ನೂ ಎರಡು ವರ್ಷದ ಮಗು. ಆದರೆ ಅದರ ನೆರಳಿನಲ್ಲೇ ಬೆಳೆದರು. ಯಾರು ಯಾರ ಜೊತೆ ಮಾತಾಡುವುದಿಲ್ಲ ಅನ್ನುವುದು ಮಕ್ಕಳಿಗೂ ತಿಳಿದಿರುವಂಥ ಊರು. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ಮಾತು ಬಿಟ್ಟ ಎರಡು ಕಡೆಯವರನ್ನು ಒಂದೇ ಕೋಣೆಗೆ ಕರೆತಂದು ಕೂರಿಸುವ ಕೆಲಸವನ್ನೇ ಈ ಮನುಷ್ಯ ಇಪ್ಪತ್ತು ವರ್ಷದಿಂದ ಮಾಡುತ್ತಾ ಬಂದಿದ್ದಾರೆ. ವಸ್ತು ಸಂಸತ್ತಿರಲಿ, ಪತ್ರಿಕೆಯಿರಲಿ, ಫುಟ್‌ಬಾಲ್ ಇರಲಿ.

ಹಲ್ ವಿಶ್ವವಿದ್ಯಾಲಯದಲ್ಲಿ ನಾಟಕ ಓದಿದರು. ವಿದ್ಯಾರ್ಥಿಯಾಗಿದ್ದಾಗಲೇ, 2002ರಲ್ಲಿ, ಎಡಿನ್‌ಬರೋ ಫ್ರಿಂಜ್ ಉತ್ಸವಕ್ಕೆ ತೆಗೆದುಕೊಂಡು ಹೋದ ನಾಟಕದ ಹೆಸರು 'ಕೋಲ್ ನಾಟ್ ಡೋಲ್'. ಮುಷ್ಕರದವರ ಘೋಷಣೆ ಅದು, ಕಲ್ಲಿದ್ದಲು ಕೊಡಿ, ನಿರುದ್ಯೋಗ ಭತ್ಯೆ ಬೇಡ ಅಂತ. ನೋಡಿ, ಮೊದಲ ಹೆಜ್ಜೆಯೇ ಊರ ಕಡೆಗೆ. ಓದು ಮುಗಿದ ಮೇಲೆ ನಾಟಿಂಗ್‌ಹ್ಯಾಮಿನ ಥಿಯೇಟರ್ ರಾಯಲ್‌ನಲ್ಲಿ ಕಲಾವಿದರು ಬಂದು ಹೋಗುವ ಹಿಂಬಾಗಿಲು ಕಾಯುವ ಕೆಲಸ ಮಾಡಿದರು. ನಾಟಕದಲ್ಲಿ ಮುಂದೆ ಬರಬೇಕು ಅಂತ ಇವತ್ತು ಟಿಕೆಟ್ ಹರಿಯುತ್ತಲೋ ಲೈಟು ಕಟ್ಟುತ್ತಲೋ ಇರುವ ನಮ್ಮ ಹುಡುಗ ಹುಡುಗಿಯರಿಗಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ.

ಆಮೇಲೆ ಲಂಡನ್ನಿನ ಫಿನ್‌ಬರೋ ಥಿಯೇಟರ್. ಒಂದು ಪಬ್ಬಿನ ಮಹಡಿ, ಐವತ್ತು ಸೀಟು. ಐನ್‌ಸ್ಟೈನ್ ಬಗ್ಗೆ ಒಂದು ನಾಟಕ, 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಮುಳುಗಿದ ಪ್ರಧಾನಿ ಆಂಥನಿ ಈಡನ್ ಬಗ್ಗೆ ಇನ್ನೊಂದು, ಹೀಗೆ ಅಲ್ಲೇ ವರ್ಷಗಟ್ಟಲೆ ಬರೆದರು. 2010ರ 'ದಿ ಮ್ಯಾನ್' ನನಗೆ ತುಂಬಾ ಇಷ್ಟವಾದ ಉಪಾಯ. ಒಬ್ಬ ಹುಡುಗ ವರ್ಷದ ತೆರಿಗೆ ಲೆಕ್ಕ ಬರೆಯಲು ಕೂತಿದ್ದಾನೆ. ಅವನ ಖರ್ಚಿನ ರಸೀದಿಗಳು ಪ್ರೇಕ್ಷಕರ ಕೈಯಲ್ಲಿವೆ. ಯಾರು ಯಾವ ರಸೀದಿ ಕೊಡುತ್ತಾರೋ ಆ ಪ್ರಕಾರ ಕಥೆ. ಒಂದು ಊಟದ ಬಿಲ್ಲು, ಒಂದು ರೈಲು ಟಿಕೆಟ್, ಅದರ ಹಿಂದೆ ಅವತ್ತಿನ ಬದುಕು. ಲೆಕ್ಕದ ಚೀಟಿಯಿಂದ ಮನುಷ್ಯನ ಕಡೆಗೆ ಹೋಗುವ ಅಭ್ಯಾಸ ಅವರಿಗೆ ಇಲ್ಲೇ ಗಟ್ಟಿಯಾಯಿತು ಅನ್ನಿಸುತ್ತದೆ. ಯಾಕೆಂದರೆ 'ದಿಸ್ ಹೌಸ್' ಕೂಡ ಲೆಕ್ಕದ ನಾಟಕವೇ.

ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ರಂಗದ ಮೇಲೆ ಪ್ರಧಾನಿಗಳಿಲ್ಲ. ವಿಲ್ಸನ್, ಕ್ಯಾಲಹನ್, ಥ್ಯಾಚರ್ ಎಲ್ಲರೂ ಬಾಗಿಲಾಚೆ. ಎದುರಿಗೆ ಇರುವುದು ಎರಡು ಪಕ್ಷಗಳ ಸಚೇತಕರ ಕೋಣೆಗಳು. ಸದಸ್ಯರನ್ನು ಕರೆಯುವುದು ಅವರವರ ಕ್ಷೇತ್ರದ ಹೆಸರಿನಿಂದ. 1974ರ ಅಕ್ಟೋಬರಿನಲ್ಲಿ ಲೇಬರ್ ಪಕ್ಷಕ್ಕೆ ಸಿಕ್ಕಿದ್ದು ಬರಿ ಮೂರು ಸೀಟಿನ ಬಹುಮತ. ಆಮೇಲೆ ಒಬ್ಬೊಬ್ಬರೇ ಸಾಯುತ್ತಾರೆ, ಪಕ್ಷ ಬಿಡುತ್ತಾರೆ, ಜಾನ್ ಸ್ಟೋನ್‌ಹೌಸ್ ಎಂಬ ಸದಸ್ಯರಂತೂ ಮಯಾಮಿಯ ಸಮುದ್ರ ತೀರದಲ್ಲಿ ಬಟ್ಟೆ ಬಿಟ್ಟು ಸತ್ತಂತೆ ನಾಟಕವಾಡಿ ಆಸ್ಟ್ರೇಲಿಯಾದಲ್ಲಿ ಸಿಕ್ಕಿಬೀಳುತ್ತಾರೆ. 1976ರಲ್ಲಿ ಒಂದು ಮತದಾನದಲ್ಲಿ ಮೋಸವಾಯಿತು ಅಂತ ಗಲಾಟೆಯೆದ್ದು ಕನ್ಸರ್ವೇಟಿವ್ ಸದಸ್ಯ ಮೈಕೆಲ್ ಹೆಸೆಲ್ಟೈನ್ ಸಭೆಯ ರಾಜದಂಡವನ್ನೇ ಎತ್ತಿ ಹಿಡಿಯುತ್ತಾರೆ. ಪಕ್ಷಗಳ ನಡುವಿನ ಆ ಬಾಯಿಮಾತಿನ ಪದ್ಧತಿ ಕೆಲಕಾಲ ನಿಂತುಹೋಗುತ್ತದೆ. ಆಮೇಲೆ ಕಾಯಿಲೆಯವರನ್ನೂ ಆಂಬುಲೆನ್ಸಿನಲ್ಲಿ ಸಂಸತ್ತಿನ ಅಂಗಳಕ್ಕೆ ತರಬೇಕು. ಅಂಗಳದೊಳಗೆ ಬಂದು ಜೀವಂತವಾಗಿದ್ದರೆ ಸಾಕು, ಮತ ಲೆಕ್ಕಕ್ಕೆ. ಅದೇ ವರ್ಷ ಬಿಗ್ ಬೆನ್ ಗಡಿಯಾರವೂ ಕೆಟ್ಟು ನಿಂತಿತು, ಗ್ರಹಾಂ ಅದನ್ನೂ ಬಿಡುವುದಿಲ್ಲ.

ಈ ನಾಟಕದ ಕಾಲದಲ್ಲೇ, 1977ರ ಏಪ್ರಿಲಿನಲ್ಲಿ, ಲೇಬರ್ ಪಕ್ಷದ ಭದ್ರಕೋಟೆಯಂತಿದ್ದ ಒಂದು ಕ್ಷೇತ್ರ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಾಲಾಯಿತು. ಅದು ಆಶ್‌ಫೀಲ್ಡ್. ಗ್ರಹಾಂ ಅವರದ್ದೇ ಊರು.

ಪ್ರೇಕ್ಷಕರಲ್ಲಿ ಕೆಲವರನ್ನು ಸಂಸತ್ತಿನ ಹಸಿರು ಬೆಂಚುಗಳ ಮೇಲೇ ಕೂರಿಸಿದ್ದರು. ಆ ಕಡೆ ಕೂತವರು ಈ ಕಡೆಯವರ ಮುಖ ನೋಡುತ್ತಲೇ ಇರಬೇಕು. ನಾಟಕದ ಅರ್ಥ ಅರ್ಧ ಆ ಕೂರಿಸುವ ಕ್ರಮದಲ್ಲೇ ಇದೆ ಅಲ್ವಾ?

2017 ಅವರಿಗೆ ಸುಗ್ಗಿಯ ವರ್ಷ. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನ್ ಎಂಬ ಒಂದೇ ರಸ್ತೆಯ ಎರಡು ರಂಗಮಂದಿರಗಳಲ್ಲಿ ಒಂದೇ ಹೊತ್ತಿಗೆ ಅವರ ಎರಡು ನಾಟಕ. 'ಇಂಕ್' 1969ರಲ್ಲಿ ರೂಪರ್ಟ್ ಮರ್ಡಾಕ್ 'ದಿ ಸನ್' ಪತ್ರಿಕೆ ಕೊಂಡು, ಲ್ಯಾರಿ ಲ್ಯಾಂಬ್ ಎಂಬ ಸಂಪಾದಕರನ್ನು ಕೂರಿಸಿಕೊಂಡು, ಪ್ರಸಾರದಲ್ಲಿ ಎಲ್ಲರನ್ನೂ ಹಿಂದೆ ಹಾಕಲು ಹೊರಟ ಕಥೆ. ಮೊದಲ ಅರ್ಧ ನೋಡುತ್ತಾ ನೀವೂ ಆ ಹುಮ್ಮಸ್ಸಿನಲ್ಲಿ ಸೇರಿಕೊಳ್ಳುತ್ತೀರಿ. ಆ ಗುಂಪು, ಆ ಅಚ್ಚಿನ ಮೊಳೆ ಜೋಡಿಸುವ ಸದ್ದು, ಶಾಯಿಯ ವಾಸನೆ. ಎರಡನೇ ಅರ್ಧದಲ್ಲಿ ಅದಕ್ಕೆ ತೆತ್ತ ಬೆಲೆ ಒಂದೊಂದಾಗಿ ಕಾಣುತ್ತದೆ, ಮೂರನೇ ಪುಟದ ಬೆತ್ತಲೆ ಚಿತ್ರದವರೆಗೆ. ಅಷ್ಟು ಹೊತ್ತು ಚಪ್ಪಾಳೆ ತಟ್ಟಿದವರು ನಾವೇ ಆದ್ದರಿಂದ ಜಾಸ್ತಿ ನಾಟುತ್ತದೆ. ಮರ್ಡಾಕ್ ಪಾತ್ರ ಮಾಡಿದ ಬರ್ಟಿ ಕಾರ್ವೆಲ್‌ಗೆ 2019ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ಇನ್ನೊಂದು ನಾಟಕ 'ಲೇಬರ್ ಆಫ್ ಲವ್', ನಾಟಿಂಗ್‌ಹ್ಯಾಮ್‌ಷೈರಿನ ಒಂದು ಸಂಸದರ ಕಚೇರಿಯಲ್ಲಿ ನಡೆಯುವಂಥದ್ದು. ಮೊದಲ ಅಂಕ 2017ರಿಂದ 1990ಕ್ಕೆ ಹಿಂದೆ ಹಿಂದೆ ಹೋಗುತ್ತದೆ, ಎರಡನೆಯದು ಅದೇ ದಾರಿಯಲ್ಲಿ ಮುಂದೆ ಬರುತ್ತದೆ. ಲಂಡನ್ ರಂಗಭೂಮಿಯವರು ಹೊಸ ಹಾಸ್ಯ ನಾಟಕಕ್ಕೆ ಕೊಡುವ ಒಲಿವಿಯೆ ಪ್ರಶಸ್ತಿ ಅದಕ್ಕೆ ಸಿಕ್ಕಿತು. ನಾಟಕ ಬಂದ ಎರಡೇ ವರ್ಷಕ್ಕೆ ನಿಜವಾದ ಆಶ್‌ಫೀಲ್ಡ್ ಕನ್ಸರ್ವೇಟಿವ್ ಪಕ್ಷಕ್ಕೆ ಹೋಯಿತು, 2024ರಲ್ಲಿ ರಿಫಾರ್ಮ್ ಪಕ್ಷಕ್ಕೆ.

'ಕ್ವಿಜ್' ನಮಗೂ ಹತ್ತಿರದ್ದು. ಪುನೀತ್ ರಾಜ್‌ಕುಮಾರ್ 2012ರಿಂದ ನಡೆಸಿಕೊಟ್ಟ ಕನ್ನಡದ ಕೋಟ್ಯಧಿಪತಿಯನ್ನು ಮನೆಮಂದಿಯೆಲ್ಲ ಕೂತು ನೋಡಿದ್ದೇವಲ್ಲ, ಅದರ ಮೂಲ ಬ್ರಿಟನ್ನಿನ ಕಾರ್ಯಕ್ರಮ. 2001ರಲ್ಲಿ ಅದರಲ್ಲಿ ಸೇನೆಯ ಮೇಜರ್ ಒಬ್ಬರು ಹತ್ತು ಲಕ್ಷ ಪೌಂಡ್ ಗೆದ್ದರು. ಸರಿಯುತ್ತರ ಬಂದಾಗ ಸಭೆಯಲ್ಲಿ ಯಾರೋ ಕೆಮ್ಮಿ ಸೂಚನೆ ಕೊಟ್ಟರು ಅಂತ ಆರೋಪ. 2003ರಲ್ಲಿ ಕೋರ್ಟು ತಪ್ಪಿತಸ್ಥ ಎಂದಿತು. ಗ್ರಹಾಂ ಈ ಕೇಸನ್ನು ರಂಗದ ಮೇಲೆ ಮತ್ತೆ ತೆರೆದರು. ಪ್ರೇಕ್ಷಕರ ಕೈಗೆ ಒಂದೊಂದು ಗುಂಡಿಯ ಯಂತ್ರ. ಸರ್ಕಾರಿ ವಕೀಲರ ವಾದ ಮುಗಿದಾಗ ಒಮ್ಮೆ ಮತ ಹಾಕಬೇಕು, ಎದುರು ವಾದವನ್ನೂ ಕೇಳಿ ಇನ್ನೊಮ್ಮೆ. ಮೊದಲು ತಪ್ಪಿತಸ್ಥ ಅಂದ ಎಷ್ಟೋ ಜನ ಕೊನೆಗೆ ಮನಸ್ಸು ಬದಲಾಯಿಸುತ್ತಿದ್ದರು. ಯಾರು ತಪ್ಪು ಯಾರು ಸರಿ ಅನ್ನುವುದಕ್ಕಿಂತ, ಒಂದೇ ಕಡೆ ಕೇಳಿ ಎಷ್ಟು ಬೇಗ ಗುಂಡಿ ಒತ್ತಿಬಿಟ್ಟೆನಲ್ಲ ಅನ್ನುವುದು ಮನೆಗೆ ಹೋದ ಮೇಲೂ ಕಾಡುವ ವಿಷಯ. 2020ರ ಏಪ್ರಿಲಿನಲ್ಲಿ ಇದೇ ಕಥೆ ಮೂರು ಕಂತಿನ ಟಿವಿ ನಾಟಕವಾಗಿ ಐಟಿವಿಯಲ್ಲಿ ಬಂತು, ನಿರ್ದೇಶನ ಸ್ಟೀಫನ್ ಫ್ರಿಯರ್ಸ್ ಅವರದ್ದು.

ಎಲ್ಲವೂ ಗೆದ್ದಿಲ್ಲ. ಎಲ್ಟನ್ ಜಾನ್ ಸಂಗೀತವಿದ್ದ 'ಟ್ಯಾಮಿ ಫೇ' 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ತೆರೆಕಂಡು ಡಿಸೆಂಬರಿನಲ್ಲೇ ಮುಚ್ಚಿತು. ಇನ್ನು 2019ರ ಟಿವಿ ಚಿತ್ರ 'ಬ್ರೆಕ್ಸಿಟ್: ದಿ ಅನ್‌ಸಿವಿಲ್ ವಾರ್' ಬಗ್ಗೆ ನನಗೇ ತಕರಾರಿದೆ. ಬ್ರೆಕ್ಸಿಟ್ ಪರ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೆಂಬ ಪ್ರಚಾರದ ತಲೆಯಾಗಿದ್ದ ಡಾಮಿನಿಕ್ ಕಮಿಂಗ್ಸ್ ಪಾತ್ರದಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಹಿಡಿತ ನಮ್ಮ ಕೈಗೆ ಬರಲಿ ಅನ್ನುವ ಘೋಷಣೆಗೆ 'ಮತ್ತೆ' ಅಂತ ಒಂದೇ ಪದ ಸೇರಿಸಿ ಅದನ್ನು ಕಳೆದುಕೊಂಡವರ ಕೂಗನ್ನಾಗಿ ಮಾಡುವ ದೃಶ್ಯ ಅದ್ಭುತ. ಆದರೆ ಆ ಪ್ರಚಾರದ ಹಣದ ಬಗ್ಗೆ ತನಿಖೆಗಳು ಇನ್ನೂ ನಡೆಯುತ್ತಿದ್ದಾಗ ಬಂದ ಚಿತ್ರ ಅದು. ಇಷ್ಟು ಬೇಗ ಯಾಕೆ, ಹಣದ ವಿಷಯ ಎಲ್ಲಿ ಅಂತ ಪತ್ರಕರ್ತೆ ಕ್ಯಾರೊಲ್ ಕ್ಯಾಡ್ವಾಲಡರ್ ಬಹಿರಂಗವಾಗಿಯೇ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಒಬ್ಬ ಬುದ್ಧಿವಂತನ ಸುತ್ತ ಕಥೆ ಕಟ್ಟಿದಾಗ ಅವನ ಹಿಂದಿರುವವರು ಮಬ್ಬಾಗುತ್ತಾರೆ.

ಇಲ್ಲಿ ಒಬ್ಬ ಗೆಳೆಯರು ಎದ್ದು ಕೇಳಿದರು: "ಎರಡೂ ಕಡೆ ನ್ಯಾಯ ಇದೆ ಅನ್ನೋದು ತಪ್ಪಿಸಿಕೊಳ್ಳೋ ದಾರಿ ಅಲ್ವಾ ಸರ್?" ಅವತ್ತು ಹೇಳಿದ್ದನ್ನೇ ಬರೆಯುತ್ತೇನೆ. ಎದುರಿನವರ ಮಾತು ಕೇಳಿದ ಮಾತ್ರಕ್ಕೆ ಒಪ್ಪಿದಂತಾಗುವುದಿಲ್ಲ. 'ದಿಸ್ ಹೌಸ್' ಕೊನೆಯಲ್ಲಿ ಒಂದು ಸರ್ಕಾರ ಬೀಳುತ್ತದೆ, ಮುಂದಿನ ಸರ್ಕಾರ ಗ್ರಹಾಂ ಊರಿನ ಗಣಿಗಳಿಗೆ ಏನು ಮಾಡಿತು ಅನ್ನುವುದು ನೋಡುವವರಿಗೆಲ್ಲ ಗೊತ್ತು. ಅದನ್ನು ಅವರು ಮುಚ್ಚಿಡುವುದಿಲ್ಲ. ಹಾಗಿದ್ದೂ ವೆದರಿಲ್ ಒಳ್ಳೆಯ ಮನುಷ್ಯ ಅಂತ ಬರೆಯುತ್ತಾರಲ್ಲ, ಅದಕ್ಕೆ ಗಟ್ಟಿ ಎದೆ ಬೇಕು. ನನ್ನ ಪ್ರಕಾರ ಅವರು ಎಡವುವುದು ಎದುರು ಕಡೆಯವರನ್ನು ಕೇಳಿಸಿಕೊಂಡಾಗಲ್ಲ, ಒಬ್ಬನನ್ನೇ ಜಾಸ್ತಿ ಕೇಳಿಸಿಕೊಂಡಾಗ.

ಅವರು ತಮ್ಮ ಊರಿಗೇ ನೇರವಾಗಿ ಮರಳಿದ್ದು 2022ರಲ್ಲಿ, ಬಿಬಿಸಿಯ 'ಶರ್‌ವುಡ್' ಸರಣಿಯಲ್ಲಿ. 2004ರಲ್ಲಿ ಅವರ ಊರ ಪಕ್ಕದಲ್ಲಿ ಎರಡು ಕೊಲೆಗಳಾಗಿದ್ದವು, ಪೊಲೀಸರು ದಂಡುಗಟ್ಟಿ ಕಾಡು ಶೋಧಿಸಿದ್ದರು. ಅದರ ಎಳೆ ಹಿಡಿದು ಕಲ್ಪಿಸಿದ ಕಥೆ ಇದು. ಮುಷ್ಕರದಲ್ಲಿದ್ದ ಹಳೆಯ ಗಣಿ ಕಾರ್ಮಿಕನೊಬ್ಬ ಕೊಲೆಯಾಗುತ್ತಾನೆ. ತನಿಖೆಗೆ ಲಂಡನ್ ಪೊಲೀಸರು ಬರುತ್ತಾರೆ, 1984ರಲ್ಲಿ ಮುಷ್ಕರ ಹತ್ತಿಕ್ಕಲು ಬಂದವರು ಅದೇ ಲಂಡನ್ನಿನವರು. ಸತ್ತವನ ಹೆಂಡತಿಗೂ ಅವಳ ಸೋದರಿಗೂ ಎಷ್ಟೋ ವರ್ಷದಿಂದ ಮಾತಿಲ್ಲ, ಯಾಕೆಂದರೆ ಒಬ್ಬಳ ಗಂಡ ಮುಷ್ಕರಕ್ಕೆ ನಿಂತವನು, ಇನ್ನೊಬ್ಬಳ ಗಂಡ ಕೆಲಸಕ್ಕೆ ಹೋದವನು. ಲೆಸ್ಲಿ ಮ್ಯಾನ್‌ವಿಲ್ ಆ ಹೆಂಡತಿಯಾಗಿ ನಟಿಸಿದ್ದಾರೆ. ಕೊಲೆಗಾರ ಯಾರು ಅನ್ನುವುದನ್ನು ಸರಣಿ ಬೇಗನೆ ಬಿಟ್ಟುಕೊಡುತ್ತದೆ. ಈ ಸೋದರಿಯರು ಒಬ್ಬರಿಗೊಬ್ಬರು ಬಾಯಿ ಬಿಡುತ್ತಾರಾ ಅನ್ನುವುದಕ್ಕೇ ನಾನು ಉಸಿರು ಹಿಡಿದು ಕೂತಿದ್ದೆ. ಪಾಲು, ಮದುವೆ, ಚುನಾವಣೆ ಅಂತ ಮಾತು ಬಿಟ್ಟ ಮನೆಗಳನ್ನು ನಾವೆಲ್ಲ ಹತ್ತಿರದಿಂದ ಕಂಡವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ.

'ಡಿಯರ್ ಇಂಗ್ಲೆಂಡ್' ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಫುಟ್‌ಬಾಲ್ ನನಗೆ ಅಷ್ಟಾಗಿ ತಿಳಿಯದು. 1996ರ ಯೂರೋ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದೆ ಹೋದ ಗ್ಯಾರೆತ್ ಸೌತ್‌ಗೇಟ್ ಇಪ್ಪತ್ತು ವರ್ಷದ ಮೇಲೆ ಅದೇ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿ ಬರುತ್ತಾರೆ. ಆಟಗಾರರಿಗೆ ಮೊದಲು ಕಲಿಸಲು ಹೊರಡುವುದು ತಮ್ಮ ಭಯವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದನ್ನು. 2023ರಲ್ಲಿ ಬಂದ ಈ ನಾಟಕಕ್ಕೆ ಮರುವರ್ಷ ಒಲಿವಿಯೆ ಪ್ರಶಸ್ತಿ. 2024ರಲ್ಲಿ ಸೌತ್‌ಗೇಟ್ ಕೆಲಸ ಬಿಟ್ಟ ಮೇಲೆ ಗ್ರಹಾಂ ಕೊನೆಯ ಭಾಗವನ್ನೇ ಮತ್ತೆ ಬರೆದರು. ಅದೇ ವರ್ಷ ಎಡಿನ್‌ಬರೋ ಟಿವಿ ಉತ್ಸವದಲ್ಲಿ ಅವರು ಮಾಡಿದ ಮ್ಯಾಕ್‌ಟ್ಯಾಗರ್ಟ್ ಉಪನ್ಯಾಸದ ವಿಷಯ ವರ್ಗ. ದುಡಿಯುವವರ ಮನೆಗಳಿಂದ ಬಂದವರು ಟಿವಿ ಲೋಕದೊಳಗೆ ಯಾಕಿಷ್ಟು ಕಡಿಮೆ ಅಂತ ಕೇಳಿದರು.

ಕೊನೆಯದಾಗಿ 'ಪಂಚ್'. ನಡೆದ ಸಂಗತಿ. 2011ರಲ್ಲಿ ನಾಟಿಂಗ್‌ಹ್ಯಾಮ್ ನಗರದಲ್ಲಿ, ರಾತ್ರಿ ಕುಡಿದು ತಿರುಗುತ್ತಿದ್ದ ಹತ್ತೊಂಬತ್ತರ ಹುಡುಗನೊಬ್ಬ ಗುರುತೇ ಇಲ್ಲದ ಒಬ್ಬನಿಗೆ ಒಂದೇ ಒಂದು ಗುದ್ದು ಗುದ್ದುತ್ತಾನೆ. ಕೆಲವೇ ದಿನಗಳಲ್ಲಿ ಆತ ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾನೆ, ಇಪ್ಪತ್ತೆಂಟು ವರ್ಷ. ಹುಡುಗ ಜೈಲಿಗೆ ಹೋಗಿ ಬರುತ್ತಾನೆ. ಸತ್ತವನ ತಂದೆತಾಯಿಗೆ ಒಂದೇ ಹಂಬಲ, ಯಾಕೆ ಹೊಡೆದೆ ಅಂತ ಕೇಳಬೇಕು. ತಪ್ಪು ಮಾಡಿದವರನ್ನೂ ನೊಂದವರನ್ನೂ ಮಾತಿಗೆ ಕೂರಿಸುವ ವ್ಯವಸ್ಥೆ ಅಲ್ಲಿದೆ. ಮಧ್ಯವರ್ತಿಗಳ ಮೂಲಕ ಮೊದಲು ಸಂದೇಶಗಳು ಓಡಾಡುತ್ತವೆ. ಆಮೇಲೆ ಒಂದು ದಿನ ಮೂವರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಆ ಹುಡುಗ ದೊಡ್ಡವನಾಗಿ ತನ್ನ ಕಥೆಯನ್ನು ಪುಸ್ತಕ ಮಾಡಿದ, ಅದನ್ನು ಆಧರಿಸಿ ಗ್ರಹಾಂ ನಾಟಕ ಬರೆದರು. 2024ರಲ್ಲಿ ಅದು ಮೊದಲು ರಂಗಕ್ಕೆ ಬಂದದ್ದು ಆ ಘಟನೆ ನಡೆದ ಊರಿನಲ್ಲೇ, ನಾಟಿಂಗ್‌ಹ್ಯಾಮ್ ಪ್ಲೇಹೌಸಿನಲ್ಲಿ. 2025ರಲ್ಲಿ ಲಂಡನ್ನಿಗೂ ಬ್ರಾಡ್‌ವೇಗೂ ಹೋಯಿತು.

ಆ ಮೂವರ ಮಾತುಕತೆಯ ಒಂದು ವಿವರ ಹೇಳಿ ಕೂರುತ್ತೇನೆ. ಆ ರಾತ್ರಿ ಏನಾಯಿತು ಅನ್ನುವುದರ ಜೊತೆಗೆ ತಂದೆತಾಯಿ ಇನ್ನೊಂದು ಪ್ರಶ್ನೆಯನ್ನೂ ಆ ಹುಡುಗನಿಗೆ ಕಳಿಸಿದ್ದರು: ನೀನು ಇನ್ನು ಮುಂದೆ ಬದುಕಿನಲ್ಲಿ ಏನು ಮಾಡಬೇಕೆಂದಿದ್ದೀಯ? ಉತ್ತರ ಕೊಡಬೇಕಲ್ಲ ಅಂತ ಅವನು ಮತ್ತೆ ಓದಲು ಕೂತ.